ಬಾಳೆದಿಂಡಿನ ಎಂಜಿನ್

ಆ ಭಾನುವಾರ ಕಾರಿನ ಬಾನೆಟ್ ಮುಚ್ಚಲಿಲ್ಲ. ನಾಲ್ಕು ಬೆರಳಿನಷ್ಟು ಮೇಲೆಯೇ ನಿಂತಿತು. ನಮ್ಮವರು ಎರಡೂ ಅಂಗೈ ಊರಿ ಮೆಲ್ಲಗೆ ಅದುಮಿ ನೋಡಿದರು. ತಗಡು ಸ್ವಲ್ಪ ಬಗ್ಗಿ, ಕೈ ತೆಗೆದ ಕೂಡಲೇ ಮತ್ತೆ ಎದ್ದುಕೊಂಡಿತು. ಅವರು ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಅಂಚಿನ ಕೆಳಗಿನ ಸಂದಿಯಲ್ಲಿ ಇಣುಕಿದರು. "ಬಾ, ನೀನೂ ನೋಡು" ಎಂದು ನನ್ನನ್ನು ಕರೆದರು. ನಾನು ಸೊಪ್ಪು ಸೋಸುತ್ತಿದ್ದ ಮೊರ ಕೆಳಗಿಟ್ಟು ಹೋಗಿ ಪಕ್ಕದಲ್ಲಿ ಮಂಡಿಯೂರಿದೆ. ಸಂದಿಯ ಆಚೆ ನಮ್ಮ ಹಿತ್ತಿಲ ಬೇಲಿ, ಬೇಲಿಯ ಆಚೆ ಯಾರದೋ ಚೆಂಡುಹೂವಿನ ಹೊಲ. ಅಷ್ಟು ದೊಡ್ಡ ಹೊಲ ನಾಲ್ಕು ಬೆರಳಿನ ಹಳದಿ ಪಟ್ಟಿಯಾಗಿ ಕಾಣುತ್ತಿತ್ತು. ಯಾಕೆ ಮುಚ್ಚಲಿಲ್ಲ ಎಂದು ಯೋಚಿಸುವುದನ್ನು ಬಿಟ್ಟು ನಾವಿಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.

ಆಮೇಲೆ ಅವರಿಗೆ ಹೊಳೆಯಿತು. ಕೂತಲ್ಲೇ ನಗಲು ಶುರುಮಾಡಿದರು.

"ಮಂಟಪ ಕಟ್ಟೋಳ್ನ ನಂಬ್ಕಂಡು ಎಂಜಿನ್ ಕೂರ್ಸ್ದೆ ನೋಡು" ಎಂದರು. "ನಿನ್ ದಿಂಡು ಇಳ್ದೋಗಿತ್ತು ಕಣಮ್ಮಿ. ಕಬ್ಣ ಇಳೀತದಾ?"

ನನಗೂ ನಗು ಬಂತು. ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದ ಅತ್ತೆ, ಗಂಡ ಹೆಂಡತಿ ಇಬ್ಬರಿಗೂ ಬಿಸಿಲು ಹತ್ತಿದೆ ಎಂದು ಗೋಡೆಗೆ ಹೇಳಿಕೊಂಡರು. ಮಧ್ಯಾಹ್ನ ಮುದ್ದೆ, ಸೊಪ್ಪಿನ ಉಪ್ಸಾರು. ಉಂಡು ಹುಣಸೆಮರದ ನೆರಳಲ್ಲಿ ಅವರು ಒಂದು ನಿದ್ದೆ ಮಾಡಿದರು. ಮುಖದ ಮೇಲೆ ನೆರಳಿನ ಚುಕ್ಕಿಗಳು ಓಡಾಡುತ್ತಿದ್ದುದು ಈಗಲೂ ಕಾಣುತ್ತದೆ. ಆ ದಿನದಲ್ಲಿ ಬೇರೆ ವಿಶೇಷವೇನೂ ಇರಲಿಲ್ಲ. ಇರಲಿಲ್ಲವೆಂದೇ ಅದನ್ನು ಮತ್ತೆ ಮತ್ತೆ ನೆನೆಯುತ್ತೇನೆ.

ಆ ಕಾರು ನಮ್ಮಂಥವರ ಮನೆಗೆ ಬಂದದ್ದೇ ಒಂದು ಸೋಜಿಗ. ನಮ್ಮವರು ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಒಂದು ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಗೂಡಲೂರಿನ ಕಡೆಯ ಟೀ ಎಸ್ಟೇಟಿನ ವಯಸ್ಸಾದ ಯಜಮಾನರೊಬ್ಬರ ಜೀಪು ಏನೇ ಕೆಟ್ಟರೂ ಇವರ ಹತ್ತಿರವೇ ಬರುತ್ತಿತ್ತು. ಆ ಯಜಮಾನರು ಎಸ್ಟೇಟು ಬಿಟ್ಟು ಹೋಗುವಾಗ, ಶೆಡ್ಡಿನಲ್ಲಿ ಟೀ ಪೆಟ್ಟಿಗೆಗಳ ಹಿಂದೆ ನಿಂತಿದ್ದ ಹಳೆಯ ಸ್ಪೋರ್ಟ್ಸ್ ಕಾರನ್ನು ತೋರಿಸಿ, ನಿನ್ನಲ್ಲಿದ್ದರೆ ಇದು ಉಸಿರಾಡುತ್ತದೆ, ತೆಗೆದುಕೊಂಡು ಹೋಗು ಎಂದರಂತೆ. ಇಂಗ್ಲೆಂಡಿನ ಕಾರು. ಪಾಚಿ ಬಣ್ಣ. ನೆಲಕ್ಕೆ ಅಂಟಿದ ಹಾಗೆ ತಗ್ಗು. ಮೇಲಿನ ಬಟ್ಟೆಯ ಹುಡ್ ಅನ್ನು ಇಲಿ ತಿಂದಿತ್ತು. ಲಾರಿಯ ಹಿಂದೆ ಹಗ್ಗ ಕಟ್ಟಿ, ಬಂಡೀಪುರದ ಕಾಡಿನ ನಡುವೆ ಅದನ್ನು ಎಳೆದು ತಂದರು. ಬಿದಿರ ಮೆಳೆಯ ಹತ್ತಿರ ಆನೆಯೊಂದು ನಿಂತು, ಲಾರಿಯನ್ನು ಬಿಟ್ಟು ಹಿಂದೆ ಬರುತ್ತಿದ್ದ ಈ ಕುಳ್ಳನೆಯ ವಸ್ತುವನ್ನೇ ನೋಡಿತು ಎಂದು ಹೇಳುತ್ತಿದ್ದರು. ನಿಜವೋ ಸುಳ್ಳೋ, ನಾನು ಆ ಆನೆಯನ್ನು ನಾನೇ ನೋಡಿದ್ದೇನೆ ಅನ್ನುವಷ್ಟು ಸಲ ಕೇಳಿದ್ದೇನೆ.

ಬೀದಿಯವರೆಲ್ಲ ಬಂದು ಸುತ್ತ ನಿಂತಾಗ ಅತ್ತೆ ಕಾರಿನೊಳಗೆ ಬಗ್ಗಿ ನೋಡಿದರು. ಎರಡೇ ಸೀಟು.

"ಇಬ್ರೇ ಕೂರೋ ಗಾಡಿಯಾ?" ಎಂದರು. "ಎತ್ತವ್ವ ಎಲ್ ಕೂತ್ಕಬೇಕ್ಲಾ, ಡಿಕ್ಕಿಲಾ?"

"ನಿನ್ನ ತೊಡೆ ಮೇಲ್ ಕೂರ್ಸ್ಕತೀನಿ ಬುಡವ್ವ" ಎಂದರು ಇವರು. ಬೀದಿಯೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಆ ಮಾತನ್ನು ವರ್ಷದುದ್ದಕ್ಕೂ ಉಪ್ಪಿನಕಾಯಿಯ ಹಾಗೆ ಊಟಕ್ಕೊಮ್ಮೆ ತೆಗೆಯುತ್ತಿದ್ದರು.

ಕಾರೇನೋ ಓಡುವಂತಾಯಿತು. ಆದರೆ ಅದರ ಎಂಜಿನ್ ಚಿಕ್ಕದು, ಮೇಲಾಗಿ ಸವೆದು ಸೋತಿತ್ತು. ಬಯಲಿನಲ್ಲಿ ಹೇಗೋ ಹೋಗುತ್ತಿತ್ತು. ಒಂದು ದಿನ ಬೆಳಗ್ಗೆ ನನ್ನನ್ನು ಕೂರಿಸಿಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟರು. ಹಂಗಳದವರೆಗೆ ನಾನು ರಾಣಿಯ ಹಾಗೆ ಕೂತಿದ್ದೆ. ಸೆರಗು ಗಾಳಿಗೆ ಹಾರದಂತೆ ಒಂದು ಕೈ, ಬಾಗಿಲು ತೆರೆದುಕೊಳ್ಳದಂತೆ ಒಂದು ಕೈ. ಬೆಟ್ಟದ ಏರು ಶುರುವಾದ ಮೇಲೆ ಕಾರು ಕೆಮ್ಮತೊಡಗಿತು. ಬಂಡೆಯ ಪಕ್ಕದಲ್ಲಿ ನೆಲ್ಲಿಮರವಿರುವ ಒಂದು ತಿರುವಿನಲ್ಲಿ ಉಸಿರು ಕಟ್ಟಿ ನಿಲ್ಲುವ ಹಾಗಾಯಿತು. ಒಂದು ಗಳಿಗೆ ಇಳಿ ಎಂದರು. ನಾನು ಇಳಿದೆ. ಭಾರ ಇಳಿದದ್ದೇ ಕಾರು ಮುಂದೆ ಸರಿಯಿತು. ನಿಲ್ಲಿಸಿದರೆ ಮತ್ತೆ ಹೊರಡದು ಎಂಬ ಹೆದರಿಕೆಗೆ ಅವರು ನಿಲ್ಲಿಸಲಿಲ್ಲ. ತಿರುವಿನಾಚೆ ಮಂಜಿನೊಳಗೆ ಹೊರಟುಹೋದರು. ನಾನು ಹಿಂದೆ ನಡೆದೆ. ಕಾರು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಮೇಲಿನಿಂದ ಬರುತ್ತಿತ್ತು. ಆಮೇಲೆ ಅದೂ ಮಂಜಿನಲ್ಲಿ ಕರಗಿತು. ದಾರಿಯಲ್ಲಿ ನಾನೊಬ್ಬಳೇ. ಹುಲ್ಲಿನ ತುದಿಯ ಹನಿಗಳು, ನನ್ನ ಚಪ್ಪಲಿಯ ಸದ್ದು. ನನಗೇನೂ ಬೇಜಾರಿರಲಿಲ್ಲ. ನಿಜ ಹೇಳಬೇಕೆಂದರೆ ಆ ನಡಿಗೆ ನನಗೆ ಇಷ್ಟವಾಗಿತ್ತು.

ಅವರಿಗೆ ಮಾತ್ರ ಅದು ಮುಳ್ಳಿನಂತೆ ನಟ್ಟಿತ್ತು. ನಾನು ಮೇಲೆ ತಲುಪಿದಾಗ ಗುಡಿಯ ಮೆಟ್ಟಿಲ ಮೇಲೆ ಮುಖ ಚಿಕ್ಕದು ಮಾಡಿಕೊಂಡು ಕೂತಿದ್ದರು. ಕೈಮುಗಿದು ಹೊರಬಂದ ಮೇಲೆ, ಕಾರಿನ ಕಡೆ ನೋಡದೆ, "ಇನ್ನೊಂದ್ಸಲ ಈ ಬೆಟ್ಟದಲ್ಲಿ ನಿನ್ನ ಇಳ್ಸಾಕಿಲ್ಲ" ಎಂದರು. ಅವರು ದೇವರ ಮುಂದೆ ಆಣೆ ಮಾಡುವ ಮನುಷ್ಯನಲ್ಲ. ಆದರೂ ಅವತ್ತು ಹೇಳಿದ್ದು ಆಣೆಯೇ.

ದೊಡ್ಡ ಎಂಜಿನ್ ಹಾಕುವ ಯೋಚನೆ ಬೆಟ್ಟ ಇಳಿಯುವಾಗಲೇ ಹುಟ್ಟಿತು. ಚಾಮರಾಜನಗರದ ಗುಜರಿಯಲ್ಲಿ ಒಂದು ಕಾಂಟೆಸ್ಸಾ ಬಿದ್ದಿತ್ತು. ಪುಣಜನೂರಿನ ಹತ್ತಿರದ ತಿರುವಿನಲ್ಲಿ ಹಿಂದಿನಿಂದ ಪೆಟ್ಟು ತಿಂದು ಅರ್ಧ ಕಾರು ಮುದುಡಿಹೋಗಿತ್ತು, ಮುಂದಿನ ಅರ್ಧಕ್ಕೆ ಏನೂ ಆಗಿರಲಿಲ್ಲ. ಅದರ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಂದು ತರಕಾರಿ ಟೆಂಪೋದಲ್ಲಿ, ಎಲೆಕೋಸಿನ ಮೂಟೆಗಳ ನಡುವೆ ಇಟ್ಟುಕೊಂಡು ತೆರಕಣಾಂಬಿಯ ಮೇಲೆ ತಂದರು. ಹಿತ್ತಿಲಲ್ಲಿ ಹಳೆಯ ಟೈರುಗಳ ಮೇಲೆ ಇಳಿಸಿದಾಗ, ಚಿಕ್ಕ ಎಂಜಿನ್ನಿನ ಪಕ್ಕ ಅದು ಕರುವಿನ ಪಕ್ಕ ಮಲಗಿದ ಎಮ್ಮೆಯ ಹಾಗಿತ್ತು.

ಈ ಎಮ್ಮೆಯನ್ನು ಆ ಗೂಡಿನಲ್ಲಿ ಹೇಗೆ ಕೂರಿಸುವುದು? ಗ್ಯಾರೇಜಿನಿಂದ ಬಂದ ಮೇಲೆ ಬೆಳಕಿರುವವರೆಗೂ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ಜೊತೆಗೆ ಅವರ ಸ್ನೇಹಿತರೊಬ್ಬರು. ಕಾರುಗಳ ತಗಡಿನ ಕೆಲಸ ಮಾಡುವವರು, ಊರೆಲ್ಲ ಟಿಂಕರ್ ಭಾಯಿ ಎಂದೇ ಕರೆಯುತ್ತಿತ್ತು. ಎಂಜಿನ್ನನ್ನು ಒಂದು ಸಲ ಇಳಿಸಿ, ತಾಗಿದ ಕಡೆ ಗುರುತು ಮಾಡಿ, ಎತ್ತಿ, ಕತ್ತರಿಸಿ, ಮತ್ತೆ ಇಳಿಸಿ ನೋಡುತ್ತ ಹೋದರೆ ಹುಣಸೆಮರದ ಕೊಂಬೆಯೇ ಮುರಿಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಹಗುರವಾದ ಒಂದು ನಕಲು ಬೇಕು, ಅದನ್ನು ಬೇಕಾದಷ್ಟು ಸಲ ಎತ್ತಿ ಇಳಿಸಬಹುದು ಎಂದು ಭಾಯಿ ಹೇಳಿದರು. ಮರದಲ್ಲಿ ಮಾಡಿದರೆ ಅದೂ ಭಾರ. ಆಗ ನಮ್ಮವರು ತಿರುಗಿ ನನ್ನನ್ನು ನೋಡಿದರು.

ನನ್ನ ತವರು ಚಾಮರಾಜನಗರದ ಕಡೆ, ಚಂದಕವಾಡಿಯ ಹತ್ತಿರ. ನಮ್ಮಪ್ಪ ಮದುವೆಗೆ, ಪೂಜೆಗೆ ಬಾಳೆದಿಂಡಿನ ಮಂಟಪ ಕಟ್ಟುತ್ತಿದ್ದರು. ದಿಂಡಿನ ಪಟ್ಟೆ ಬಿಡಿಸಿ, ಅದರ ಬಿಳುಪಿನಲ್ಲಿ ಕಮಾನು, ಹೂಬಳ್ಳಿ, ಗಿಳಿ, ನವಿಲು ಎಲ್ಲ ಕೆತ್ತಿ, ಬಿದಿರ ಕಡ್ಡಿ ಚುಚ್ಚಿ ನಿಲ್ಲಿಸುವ ಕೆಲಸ. ನನಗೆ ಅಕ್ಷರಕ್ಕಿಂತ ಮೊದಲು ಅದು ಬಂದಿತ್ತು.

"ನಿಮ್ಮಪ್ಪನ ಕಸ್ಬು ತೋರ್ಸು ನೋಡನ" ಎಂದರು.

ನಾನು ತೋರಿಸಿದೆ. ಅವರು ದಪ್ಪ ದಿಂಡುಗಳನ್ನು ತಂದು ಹಾಕಿದರು. ನಾನು ಗೋಣಿದಾರಕ್ಕೆ ಗಂಟು ಹಾಕಿಕೊಂಡು ಎಂಜಿನ್ನಿನ ಉದ್ದ, ಅಗಲ, ಎತ್ತರ ಅಳೆದುಕೊಂಡೆ. ಕೆಳಗಿನ ಎಣ್ಣೆತೊಟ್ಟಿ, ಪಕ್ಕದಲ್ಲಿ ಹೊಗೆ ಹೋಗುವ ಕೊಳವೆಗಳು, ಮುಂದಿನ ಫ್ಯಾನು, ಮೇಲಿನ ಮುಚ್ಚಳ ಎಲ್ಲವನ್ನೂ ಕೆತ್ತಿದೆ. ಕಣ್ಣಿಗೆ ಸಿಕ್ಕದ ಕಡೆ ಕೈಯಿಂದ ಸವರಿ ನೋಡಿ ಕೆತ್ತಿದೆ. ಒಳಗೆ ಏನಿದೆ ಎಂಬುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಹೊರಗಿನ ಒಂದೊಂದು ಉಬ್ಬೂ ತಗ್ಗೂ ಗೊತ್ತಿದೆ. ಅವರ ಕೈಗೆ ಗ್ರೀಸಿನ ಕರೆ, ನನ್ನ ಕೈಗೆ ಬಾಳೆಯ ಕರೆ. ಎರಡೂ ತೊಳೆದರೆ ಹೋಗುವಂಥದ್ದಲ್ಲ. ಊಟಕ್ಕೆ ಕೂತಾಗ ನಾಲ್ಕು ಕೈಯೂ ಒಂದೇ ಬಣ್ಣದಲ್ಲಿದ್ದವು.

ಮುಗಿದ ಸಂಜೆ ಇಬ್ಬರೂ ಅದನ್ನು ಎತ್ತಿ ಕಾರಿನೊಳಗೆ ಇಳಿಸಿದೆವು. ಮಬ್ಬು ಬೆಳಕಿನಲ್ಲಿ ಆ ಬಿಳಿ ಎಂಜಿನ್ ತಾನೇ ಬೆಳಗುತ್ತಿರುವ ಹಾಗೆ ಕಂಡಿತು. ಅದು ಯಾವ ಸದ್ದೂ ಮಾಡದೆ ಓಡಬಹುದು, ನಾವು ಕೂತರೆ ಬೇಲಿ ದಾಟಿ ಹೂವಿನ ಹೊಲದ ಮೇಲೆ ತೇಲಿಕೊಂಡು ಹೋಗಬಹುದು ಅನ್ನಿಸಿತು. ಅತ್ತೆ ಒಳಗಿನಿಂದ ಬಂದು ನೋಡಿ, ಅದಕ್ಕೆ ಒಂದು ಬೊಟ್ಟು ಕುಂಕುಮ ಇಟ್ಟು, ಮೇಲೊಂದು ಹೂವು ಸಿಕ್ಕಿಸಿ ಹೋದರು.

ಅವತ್ತು ಬಾನೆಟ್ ಹಾಕಿ ನೋಡಿದಾಗ ಸ್ವಲ್ಪ ಎತ್ತಿಕೊಂಡಿತ್ತು. ನಾಳೆ ನೋಡೋಣ ಎಂದುಕೊಂಡೆವು. ಅಷ್ಟರಲ್ಲಿ ನನ್ನ ತವರಿನಲ್ಲಿ ಮದುವೆ ಬಂತು. ಮಂಟಪ ಕಟ್ಟಲು ಅಪ್ಪನ ಜೊತೆಗೆ ನಾನೂ ಬೇಕು. ಎಲ್ಲರೂ ಹೊರಟೆವು. ಬಾಳೆದಿಂಡಿನ ಎಂಜಿನ್ ಬಾನೆಟ್ಟಿನ ಕೆಳಗೆ, ವೈಶಾಖದ ಬಿಸಿಲಿನಲ್ಲಿ, ನಾವು ಮದುವೆಯ ಊಟ ಉಂಡು, ನೆಂಟರನ್ನೆಲ್ಲ ಮಾತಾಡಿಸಿ ಬರುವವರೆಗೂ ಕಾಯುತ್ತಿತ್ತು.

ಬಂದು ನೋಡಿದರೆ ಬಾನೆಟ್ ಅಂಚಿಗೆ ಅಂಚು ಕೂಡಿ ಮುಚ್ಚಿಕೊಂಡಿತ್ತು. ನಮ್ಮವರಿಗೆ ಎಷ್ಟು ಸಂತೋಷವಾಯಿತೆಂದರೆ ಕೈಕಾಲು ತೊಳೆಯುವ ಮೊದಲೇ ಭಾಯಿಯನ್ನು ಕರೆತಂದು ತೋರಿಸಿದರು. ಮೊದಲು ದಿಂಡು ಸರಿಯಾಗಿ ತಳ ಊರಿರಲಿಲ್ಲ, ಈಗ ತಾನಾಗಿ ಕೂತಿದೆ, ಇದೇ ಸರಿಯಾದ ಅಳತೆ ಎಂದರು. ಭಾಯಿಯೂ ಹೌದೆಂದರು. ದಿಂಡು ನೀರು ಬಿಟ್ಟು ಕುಗ್ಗುತ್ತದೆ ಎಂದು ನನಗಾದರೂ ಹೊಳೆಯಬೇಕಿತ್ತು ಎಂದು ಯಾರಾದರೂ ಹೇಳಬಹುದು. ಆದರೆ ಮಂಟಪ ಒಂದು ದಿನದ ಮಾತು. ತಾಳಿ ಕಟ್ಟಿದ ಮೇಲೆ ಅದನ್ನು ಯಾರು ನೋಡುತ್ತಾರೆ? ಬಿಚ್ಚಿ ದನಕ್ಕೆ ಹಾಕುತ್ತಾರೆ. ಬಾಡಿದ ಮಂಟಪ ಹೇಗಿರುತ್ತದೆ ಎಂದು ನಮ್ಮಪ್ಪನೂ ನೋಡಿದವರಲ್ಲ.

ಆ ಅಳತೆಗೇ ಎಂಜಿನ್ ಕೂರುವ ಕಬ್ಬಿಣದ ಕಾಲುಗಳನ್ನು ಕಾರಿಗೆ ವೆಲ್ಡ್ ಮಾಡಿದರು. ಬಾಳೆದಿಂಡಿನ ಎಂಜಿನ್ನನ್ನು ಪಕ್ಕದ ಮನೆಯ ಹಸುವಿಗೆ ಹಾಕಿದೆವು. ಎಣ್ಣೆತೊಟ್ಟಿಯಿಂದ ಶುರುಮಾಡಿ ಫ್ಯಾನಿನವರೆಗೂ ಒಂದೇ ಸಮನೆ ತಿಂದಿತು. ಇನ್ನು ಇದರ ಹಾಲು ಕುಡಿದರೆ ಬೆಟ್ಟ ಹತ್ತಬಹುದು ಎಂದು ಭಾಯಿ ಹೇಳಿದರು.

ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿಟ್ಟು, ಹುಣಸೆಯ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ನಿಜವಾದ ಎಂಜಿನ್ ಇಳಿಸಿದರು. ಆಮೇಲಿನ ಕೆಲಸ ತಿಂಗಳುಗಟ್ಟಲೆ ಹಿಡಿಯಿತು. ಗೇರ್‌ಬಾಕ್ಸಿಗೆ ಜಾಗ ಮಾಡಲು ಕಾರಿನ ನೆಲ ಕತ್ತರಿಸಬೇಕಿತ್ತು. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಲೇತಿನಲ್ಲಿ ಮೋಟು ಮಾಡಿಸಬೇಕಿತ್ತು. ಮುಂದಿನ ಭಾರಕ್ಕೆ ಗಟ್ಟಿ ಸ್ಪ್ರಿಂಗು, ಓಟಕ್ಕೆ ತಕ್ಕ ಬ್ರೇಕು ಬೇಕಿತ್ತು. ಓಡುವುದನ್ನು ದೊಡ್ಡದು ಮಾಡಿದವನು ನಿಲ್ಲುವುದನ್ನೂ ದೊಡ್ಡದು ಮಾಡಬೇಕು ಎನ್ನುತ್ತಿದ್ದರು. ಬಾನೆಟ್ಟಿನ ನೆನಪು ಯಾರಿಗೂ ಬರಲಿಲ್ಲ. ಗೋಡೆಗೆ ಒರಗಿದ ಅದರ ಮೇಲೆ ಅತ್ತೆ ಹಪ್ಪಳ ಒಣಗಿಸುತ್ತಿದ್ದರು.

ಹೀಗೆ ಆ ಭಾನುವಾರ ಬಂತು. ಎಂಜಿನ್ನನ್ನು ಇನ್ನೂ ಕೆಳಗೆ ಇಳಿಸೋಣವೆಂದರೆ ಎಣ್ಣೆತೊಟ್ಟಿಗೆ ಸ್ಟಿಯರಿಂಗಿನ ಸರಳು ತಾಗುತ್ತದೆ. ಇನ್ನು ಎಂಜಿನ್ ಇಳಿಯುವುದಿಲ್ಲ, ಬಾನೆಟ್ಟೇ ಏಳಬೇಕು. ಅವರಿಗೆ ಅದರಿಂದ ಬೇಸರವಾಗಲಿಲ್ಲ. ನಡುವೆ ಕತ್ತರಿಸಿ ಒಂದು ಉಬ್ಬು ಕೂರಿಸಿದರೆ ಕಾರಿಗೆ ಇನ್ನೂ ಗತ್ತು ಬರುತ್ತದೆ ಎಂದರು. ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಸಂಜೆ ಭಾಯಿ ಬಂದರು. ಇಬ್ಬರೂ ಬಾನೆಟ್ಟನ್ನು ತಲೆಯ ಮೇಲೆ ಹೊತ್ತು ಅವರ ಶೆಡ್ಡಿಗೆ ಹೊರಟರು. ಹಿಂದಿನಿಂದ ನೋಡಿದರೆ ನಾಲ್ಕು ಕಾಲಿನ ಆಮೆಯೊಂದು ಬೀದಿಯಲ್ಲಿ ಹೋದ ಹಾಗಿತ್ತು. ಅಲ್ಲಿ ಗುರುತಿನ ಮೇಲೆ ಕತ್ತರಿಸಿ, ನಡುವೆ ತೂತು ಮಾಡಿ ಬಂದರು.

ಬಂದವರು ನನಗೆ ಹೇಳಿದರು: "ಉಬ್ಬು ಎಂಗಿರ್ಬೇಕು ಅಂತ ನೀನೇ ದಿಂಡಲ್ಲಿ ಕೆತ್ಕೊಡು. ಭಾಯಿ ಅದ್ನ ನೋಡ್ಕಂಡು ತಗಡು ಬಡೀತಾನೆ."

"ದಿಂಡು ಮತ್ತೆ ಇಳ್ದೋದ್ರೆ?" ಎಂದೆ.

"ಅವತ್ತೇ ಕೆತ್ತು, ಅವತ್ತೇ ಬಡಿಯದು. ನಾಳೆ ದಿಂಡು ತತ್ತೀನಿ."

ಮಾರನೆಯ ದಿನ ಸೋಮವಾರ. ಗ್ಯಾರೇಜಿನಲ್ಲಿ ಊಟವಾದ ಮೇಲೆ ಎದೆ ಉರಿ ಎಂದರಂತೆ. ಗ್ಯಾಸ್ ಇರಬೇಕೆಂದು ಸೋಡಾ ತರಿಸಿ ಕುಡಿದರು. ರಿಪೇರಿಗೆ ನಿಂತಿದ್ದ ಲಾರಿಯ ಸೀಟಿನ ಮೇಲೆ ಸ್ವಲ್ಪ ಹೊತ್ತು ಮಲಗುತ್ತೇನೆ ಎಂದು ಹತ್ತಿ ಮಲಗಿದರು. ಮತ್ತೆ ಏಳಲಿಲ್ಲ.

ಅವರ ಸೈಕಲ್ಲನ್ನು ಯಾರೋ ತಂದು ಹಿತ್ತಿಲ ಗೋಡೆಗೆ ಒರಗಿಸಿ ಹೋಗಿದ್ದರು. ಕ್ಯಾರಿಯರಿಗೆ ಒಂದು ಬಾಳೆದಿಂಡು ಕಟ್ಟಿತ್ತು. ಬೆಳಗ್ಗೆಯೇ ತೋಟದಿಂದ ಕಡಿದುಕೊಂಡು ಹೋಗಿದ್ದರೆಂದು ಕಾಣುತ್ತದೆ. ಮನೆ ತುಂಬ ಜನ ಇದ್ದಾಗ ಅದರ ಕಡೆ ನೋಡಿದವರಿಲ್ಲ. ಜನವೆಲ್ಲ ಹೋದ ಮೇಲೆ ನಾನು ನೋಡಿದೆ. ಹಗ್ಗ ಸಡಿಲವಾಗಿತ್ತು. ದಿಂಡು ಇಳಿದುಹೋಗಿತ್ತು.

ಆಮೇಲಿನ ತಿಂಗಳುಗಳು ನನ್ನ ನೆನಪಿನಲ್ಲಿ ಸಾಲಾಗಿಲ್ಲ. ಅರಿಶಿನ ಬೇಯಿಸುವ ವಾಸನೆ ಊರೆಲ್ಲ ಹರಡಿದ ಒಂದು ಬೆಳಗು ನೆನಪಿದೆ. ಅತ್ತೆ ನನ್ನ ತಟ್ಟೆಗೆ ಮುದ್ದೆ ಮುರಿದು ಹಾಕುತ್ತಿದ್ದುದು ನೆನಪಿದೆ. ಅಪ್ಪ ಮಂಟಪಗಳನ್ನು ಕಟ್ಟುತ್ತಲೇ ಇದ್ದರು. ನನ್ನನ್ನು ಕರೆಯಲಿಲ್ಲ. ಶುಭದ ಕೆಲಸಕ್ಕೆ ಇನ್ನು ಕರೆಯುವುದಿಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹಿತ್ತಿಲಲ್ಲಿ ಕಾರು ಬಾಯಿ ತೆರೆದುಕೊಂಡು ನಿಂತಿತ್ತು. ಎಂಜಿನ್ನಿನ ಮೇಲೆ ಹುಣಸೆಯ ಎಲೆ ಸಣ್ಣಗೆ ಉದುರುತ್ತಿತ್ತು. ನಾನು ದಿನಾ ಅದನ್ನು ಗುಡಿಸುತ್ತಿದ್ದೆ, ಬಾಗಿಲ ಮುಂದೆ ಗುಡಿಸುವ ಹಾಗೆ.

ಗುಜರಿಯವರು ಬಂದು ಕೇಳಿದರು. ಅತ್ತೆ ಜಗಲಿಯಿಂದ ಏಳದೆ ಹೇಳಿದರು: "ಒಲೆ ಮ್ಯಾಲಿರೋ ಅನ್ನವ ಯಾರಾರ ಮಾರಾರಾ? ಬೇಯ್ಲಿ, ಓಗಿ."

ಅವತ್ತೇ ಭಾಯಿಯನ್ನು ಕರೆಸಿದರು. ಮಗ ಈ ಹುಡುಗಿಯನ್ನು ಬೆಟ್ಟದಲ್ಲಿ ಇಳಿಸುವುದಿಲ್ಲ ಎಂದಿದ್ದನಂತೆ, ಕಾರು ಓಡಲೇಬೇಕು ಎಂದರು. ಬೆಟ್ಟದ ಮಾತನ್ನು ನಾನು ಅತ್ತೆಗೆ ಹೇಳಿರಲಿಲ್ಲ. ನಮ್ಮವರೇ ಹೇಳಿದ್ದಿರಬೇಕು.

ಭಾಯಿ ತಗಡಿನವರು, ಎಂಜಿನ್ನಿನವರಲ್ಲ. ಗ್ಯಾರೇಜಿನಲ್ಲಿ ಕೇಳಿ ಕೇಳಿ ತಿಳಿದುಕೊಂಡು, ಶುಕ್ರವಾರ ನಮಾಜು ಮುಗಿಸಿ ಬರುತ್ತಿದ್ದರು. ಉಳಿದದ್ದು ನೀರಿನ ಪೈಪುಗಳು, ಪೆಟ್ರೋಲಿನ ಪೈಪು, ವೈರುಗಳು. ಯಾವ ಪೈಪು ಎಲ್ಲಿಗೆ ಎಂದು ಅವರು ತಡವರಿಸಿದಾಗ ನಾನು ಬೆರಳಿಟ್ಟು ತೋರಿಸುತ್ತಿದ್ದೆ. ಅಲ್ಲೊಂದು ಮೊಳಕೆಯ ಹಾಗೆ ಮೂತಿ ಇದೆ, ಅದರ ಹಿಂದೆ ಇನ್ನೊಂದು ಇದೆ, ಕೈ ಹಾಕಿ ನೋಡಿ ಎನ್ನುತ್ತಿದ್ದೆ. ನಿಜವಾಗಿಯೂ ಇರುತ್ತಿತ್ತು. ನಾನು ಅದನ್ನು ದಿಂಡಿನಲ್ಲಿ ಕೆತ್ತಿದ್ದೆನಲ್ಲ.

ಅದು ಶುರುವಾದ ದಿನ ಮೋಡವಿತ್ತು. ಮೊದಲು ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು. ಆಮೇಲೆ ಹಿಡಿದುಕೊಂಡಿತು. ನಾನು ದೊಡ್ಡ ಗದ್ದಲವಾಗುತ್ತದೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. ದೂರದ ಗಿರಣಿಯ ಸದ್ದು ನಿದ್ದೆಯಲ್ಲಿ ಕೇಳುವ ಹಾಗೆ, ತಗ್ಗಿದ ದನಿಯಲ್ಲಿ, ಒಂದೇ ಸಮ. ನೆಲದಿಂದ ಅಂಗಾಲಿಗೆ ಬಂತು. ಅತ್ತೆ ಜಗಲಿಯ ಕಂಬ ಹಿಡಿದು ನಿಂತಿದ್ದರು. ಭಾಯಿ ಕಣ್ಣು ಒರೆಸಿಕೊಂಡು, ಹೊಗೆ ಎಂದರು. ಅಷ್ಟೇನೂ ಹೊಗೆ ಇರಲಿಲ್ಲ. ಈ ಸದ್ದನ್ನು ಕೇಳಬೇಕಾದವರು ಒಂದು ಸಲವೂ ಕೇಳಲಿಲ್ಲ ಎಂದು ಮೂವರಿಗೂ ಅನ್ನಿಸುತ್ತಿತ್ತು. ಯಾರೂ ಆರಿಸುವ ಮನಸ್ಸು ಮಾಡಲಿಲ್ಲ. ನೀರು ಕಾಯ್ದು ಮುಚ್ಚಳ ನಡುಗುವವರೆಗೂ ಹಾಗೇ ಓಡಿಸಿದೆವು.

ಭಾಯಿ ಒಬ್ಬರೇ ಬೇಗೂರಿನವರೆಗೆ ಓಡಿಸಿಕೊಂಡು ಹೋಗಿ ಬಂದು, ಸರಿಯಾಗಿದೆ ಎಂದರು. ಬೆಟ್ಟಕ್ಕೆ ನೀವು ಓಡಿಸಿ ಎಂದು ನಾನು ಕೇಳಿದಾಗ ಒಪ್ಪಲಿಲ್ಲ. ಎರಡೇ ಸೀಟಿನ ಗಾಡಿ, ಪಕ್ಕದಲ್ಲಿ ನೀನು ಕೂತರೆ ಊರು ನಿನ್ನನ್ನು ಸುಮ್ಮನೆ ಬಿಡುವುದಿಲ್ಲ, ನೀನೇ ಕಲಿ ತಂಗಿ ಎಂದರು.

"ಊರ್ ಬಾಯ್ಗೆ ಬಾನೆಟ್ ಆಕಕಾಯ್ತದಾ ಭಾಯಿ?" ಎಂದರು ಅತ್ತೆ. "ಆದ್ರೂ ಕಲೀಲಿ. ನಾನ್ ಕೂತ್ಕತೀನಿ ಪಕ್ಕದಲ್ಲಿ."

ನೀರು ಬತ್ತಿದ ಕೆರೆಯ ಅಂಗಳದಲ್ಲಿ ಕಲಿಕೆ ನಡೆಯಿತು. ಭಾಯಿ ಏರಿಯ ಮೇಲೆ ನಿಂತು ಕೂಗಿ ಹೇಳುತ್ತಿದ್ದರು. ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸುತ್ತಿರಲಿಲ್ಲ. ಅತ್ತೆ ಕಿವಿ ಆ ಕಡೆ ಕೊಟ್ಟು, ಮಾತನ್ನು ನನಗೆ ದಾಟಿಸುತ್ತಿದ್ದರು. ಕ್ಲಚ್ಚು ಒತ್ತಂತೆ, ಒತ್ತಿದ್ದ ಬುಡಂತೆ, ಮೆಲ್ಲಗಂತೆ. ಸ್ವಲ್ಪ ದಿನಕ್ಕೆ ಭಾಯಿ ಹೇಳುವ ಮೊದಲೇ ಹೇಳತೊಡಗಿದರು. ಕಾರು ಜಗ್ಗಿ ನಿಂತಾಗಲೆಲ್ಲ ನನಗಿಂತ ಮೊದಲು ಅವರೇ ಕಾರಣ ಹೇಳುತ್ತಿದ್ದರು. ಎರಡೇ ಸೀಟಿನ ಗಾಡಿಯಲ್ಲಿ ಹೆತ್ತವ್ವ ಎಲ್ಲಿ ಕೂರಬೇಕು ಎಂಬ ಮಾತನ್ನು ಆಮೇಲೆ ಅವರು ಯಾವತ್ತೂ ಆಡಲಿಲ್ಲ.

ಬೆಟ್ಟಕ್ಕೆ ಹೋದದ್ದು ಬೆಳಗ್ಗೆ. ಹಂಗಳದಲ್ಲಿ ಚಹಾದಂಗಡಿಯವರು ಗ್ಲಾಸು ಹಿಡಿದುಕೊಂಡು ಹೊರಗೆ ಬಂದು ನೋಡಿದರು. ಬಿಳಿ ಸೀರೆಯ ಮುದುಕಿ, ಪಕ್ಕದಲ್ಲಿ ನಾನು, ಮುಂದೆ ಮುಚ್ಚಳವಿಲ್ಲದೆ ನಡುಗುತ್ತಿರುವ ಎಂಜಿನ್. ಏರು ಶುರುವಾಯಿತು. ಕಾರು ಅದನ್ನು ಏರೆಂದು ತಿಳಿದಂತೆಯೇ ಕಾಣಲಿಲ್ಲ. ಮಂಜು ಇಳಿದು ಬಂತು. ಎಂಜಿನ್ನಿನ ಬಿಸಿ ನಮ್ಮ ಮುಖಕ್ಕೆ ಬಡಿಯುತ್ತಿತ್ತು, ಬೆನ್ನಿಗೆ ಚಳಿ. ನೆಲ್ಲಿಮರದ ತಿರುವು ಬಂದಾಗ ನನ್ನ ಕಾಲು ತಾನಾಗಿ ಸಡಿಲವಾಯಿತು.

"ಯಾಕವ್ವ ನಿದಾನ ಮಾಡ್ದೆ?" ಎಂದರು ಅತ್ತೆ.

"ಇಲ್ಲೇ ನಾನು ಇಳ್ದಿದ್ದು."

ಅವರು ಆ ಬಂಡೆಯನ್ನೂ ಮರವನ್ನೂ ನೋಡಿದರು. ತಿರುವಿನಾಚೆ ಮಂಜಿನೊಳಗೆ ಹೋಗುವ ದಾರಿಯನ್ನು ನೋಡಿದರು.

"ಇಳೀಬ್ಯಾಡ. ನಡಿ" ಎಂದರು.

ನಾನು ಇಳಿಯಲಿಲ್ಲ. ತಿರುವು ದಾಟಿತು. ಮುಂದಿನದೂ ದಾಟಿತು. ಮಂಜಿನೊಳಗೆ ಮುಂದೆ ಒಂದು ಕಾರು ಹೋಗುತ್ತಿದೆ, ಅದರ ಸದ್ದನ್ನು ಹಿಡಿದುಕೊಂಡು ನಾವು ಹಿಂದೆ ಹೋಗುತ್ತಿದ್ದೇವೆ ಎಂದು ನನಗೆ ಅನ್ನಿಸುತ್ತಲೇ ಇತ್ತು. ಮೇಲೆ ಹೋಗಿ ನಿಲ್ಲಿಸಿ ಎಂಜಿನ್ ಆರಿಸಿದ ಮೇಲೆ ಆ ಸದ್ದೂ ನಿಂತಿತು. ಗುಡಿಯ ಮೆಟ್ಟಿಲ ಮೇಲೆ ಯಾರೂ ಕೂತಿರಲಿಲ್ಲ. ಮಂಜಿನ ಹನಿಗಳು ಬಿಸಿ ಎಂಜಿನ್ನಿನ ಮೇಲೆ ಬಿದ್ದು ಸುಯ್ ಎಂದು ಆರುತ್ತಿದ್ದವು. ಅತ್ತೆ ಕಾರಿನಿಂದ ಇಳಿಯದೆ, ಗುಡಿಯ ಕಡೆಗೂ ನೋಡದೆ, ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು.

ಇದೆಲ್ಲ ಆಗಿ ಬಹಳ ಕಾಲವಾಯಿತು. ಅತ್ತೆ ಈಗಿಲ್ಲ. ಕಾರು ಹಿತ್ತಿಲಲ್ಲಿ ಅದೇ ಹುಣಸೆಯ ಕೆಳಗಿದೆ. ಎಂಜಿನ್ನಿನ ಮೇಲೆ ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದ ಹೊದಿಕೆ ಹಾಕುತ್ತೇನೆ. ಆಗಾಗ ತೆಗೆದು ಶುರುಮಾಡುತ್ತೇನೆ. ಬಾನೆಟ್ ಭಾಯಿಯ ಶೆಡ್ಡಿನಲ್ಲಿ ಮೊಳೆಗೆ ನೇತುಬಿದ್ದಿದೆ, ನಡುವೆ ತೂತು, ತೂತಿನ ಸುತ್ತ ನಮ್ಮವರು ಎಳೆದ ಸೀಮೆಸುಣ್ಣದ ಗೆರೆ. ರಂಜಾನಿಗೆ ಭಾಯಿ ಮನೆಯಿಂದ ಪಾಯಸ ತರುತ್ತಾರೆ. ತಂದಾಗಲೆಲ್ಲ, ಉಬ್ಬಿನ ಅಚ್ಚು ಕೆತ್ತಿಕೊಡು ತಂಗಿ, ಒಂದು ದಿನದ ಕೆಲಸ, ಬಡಿದುಕೊಡುತ್ತೇನೆ ಎನ್ನುತ್ತಾರೆ. ಆಗಲಿ ಎನ್ನುತ್ತೇನೆ. ಬಾಳೆತೋಟಗಳ ಪಕ್ಕದಲ್ಲೇ ದಿನಾ ಓಡಾಡುತ್ತೇನೆ. ದಿಂಡು ತಂದಿಲ್ಲ.

ಕಾರು ಓಡುತ್ತದೆ. ಇಬ್ಬರನ್ನು ಕೂರಿಸಿಕೊಂಡು ಬೆಟ್ಟ ಹತ್ತುತ್ತದೆ. ಬಾನೆಟ್ ಇನ್ನೂ ಇಲ್ಲ.